ಚಿಕ್ಕಿ ನೋಡಿ ಬಂದ ಮಕ್ಕಳ ಸಿನಿಮಾ

ಮೂಡಿಗೆರೆಯಲ್ಲಿ ನನ್ನ ಹೊಲಿಗೆ ಅಂಗಡಿಗೂ ರೇಣುಕಪ್ರಸಾದರ ಏಲಕ್ಕಿ, ಮೆಣಸಿನ ಅಂಗಡಿಗೂ ನಡುವೆ ಒಂದೇ ಗೋಡೆ. ಅವರ ಮನೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಅವರ ಹೆಂಡತಿ ರುದ್ರಾಣಿ ಬೆಳಿಗ್ಗೆ ವಿಭೂತಿ ಧರಿಸಿ, ಪೂಜೆ ಮುಗಿಸಿ, ಅಂಗಡಿಯ ಹಿಂದಿನ ಜಗುಲಿಯಲ್ಲಿ ಮೊರ ಹಿಡಿದು ಮೆಣಸು ಕೇರಲು ಕೂರುತ್ತಾಳೆ. ಜಾವಳಿ ಊರಿನ ಕಡೆಯ ಹೆಣ್ಣು. ಹಾಡು ಎಂದರೆ ಪ್ರಾಣ. ಮೊರದ ಸದ್ದಿಗೆ ಸರಿಯಾಗಿ ಏನಾದರೂ ಗುನುಗುತ್ತಲೇ ಇರುತ್ತಾಳೆ.

ಅವಳು ರೇಣುಕಪ್ರಸಾದರ ಎರಡನೆಯ ಹೆಂಡತಿ. ಮೊದಲನೆಯವಳು ಸೌಜನ್ಯ, ಜ್ವರದಲ್ಲಿ ತೀರಿಕೊಂಡಾಗ ಮಗಳು ಧನ್ಯಾ ಇನ್ನೂ ಅಂಬೆಗಾಲಿಡುತ್ತಿದ್ದಳು. ಈಗ ನಾಲ್ಕನೇ ಕ್ಲಾಸು. ರುದ್ರಾಣಿಯನ್ನು ಚಿಕ್ಕಿ ಎಂದು ಕರೆಯುತ್ತಾಳೆ. ಹೇಳಿದ ಮಾತು ಕೇಳುತ್ತಾಳೆ, ತಟ್ಟೆಗೆ ಹಾಕಿದ್ದನ್ನು ಉಣ್ಣುತ್ತಾಳೆ, ಆದರೆ ತಾನಾಗಿ ಹತ್ತಿರ ಬರುವುದಿಲ್ಲ. ತಲೆ ಬಾಚಿಸಿಕೊಳ್ಳುವಾಗಲೂ ಬೆನ್ನು ಬಿಗಿ ಮಾಡಿಕೊಂಡೇ ಕೂರುತ್ತಾಳೆ. ರುದ್ರಾಣಿಗಿದ್ದ ಕೊರಗು ಅದೊಂದೇ. ಆ ಮಗು ತನ್ನನ್ನು ಎಂದಾದರೂ ನಂಬುತ್ತದೆಯೋ ಇಲ್ಲವೋ ಎಂದು.

ಹೋದ ದಸರಾ ರಜೆಯಲ್ಲಿ ಚಿಕ್ಕಮಗಳೂರಿನ ಟಾಕೀಸಿಗೆ ಒಂದು ಕಾರ್ಟೂನ್ ಸಿನಿಮಾ ಬಂದಿತ್ತು. ರಾಜಕುಮಾರಿಯ ಕತೆ, ಮಾತಿಗಿಂತ ಹಾಡೇ ಹೆಚ್ಚು, ಮಾತೆಲ್ಲ ಕನ್ನಡದಲ್ಲಿ. ಧನ್ಯಾ ಬಾಯಿಬಿಟ್ಟು ಕೇಳಿದ್ದು ಅಪರೂಪವಾದ್ದರಿಂದ ರುದ್ರಾಣಿ ತಕ್ಷಣ ಹೊರಟಳು. ಬಸ್‌ಸ್ಟ್ಯಾಂಡಿನ ಹೂವಿನ ಸಿದ್ದಮ್ಮನ ಮೊಮ್ಮಗಳು ಅದನ್ನು ಆಗಲೇ ನೋಡಿದ್ದಳು. ಸಿದ್ದಮ್ಮ ಹೂವು ಅಳೆದುಕೊಡುತ್ತಲೇ, ಮಲತಾಯಿ ಕತೆ ತೋರಿಸೋಕೆ ನೀನೇ ಕರ್ಕೊಂಡು ಹೊರಟ್ಯಲ್ಲ, ಧೈರ್ಯಸ್ಥೆ ಬಿಡು ಮಾರಾಯ್ತಿ, ಎಂದಳಂತೆ. ರುದ್ರಾಣಿ ನಕ್ಕು ಬಸ್ಸು ಹತ್ತಿದಳು.

ಹೇಗಿತ್ತು ಸಿನಿಮಾ ಎಂದು ಮರುದಿನ ಕೇಳಿದೆ. ಮೊರ ಕೆಳಗಿಟ್ಟು ಹೇಳತೊಡಗಿದಳು. ಬೆಟ್ಟದ ಮೇಲೊಂದು ರಾಜ್ಯ. ಹಳೆಯ ರಾಣಿ ಸತ್ತಿದ್ದಾಳೆ, ಹೊಸ ರಾಣಿ ಬಂದಿದ್ದಾಳೆ. ರಾಜಕುಮಾರಿಯ ಜೊತೆ ಒಂದು ಮುಳ್ಳುಹಂದಿ, ಅದೂ ಹಾಡುತ್ತದೆ. ಮುಳ್ಳುಹಂದಿಯ ಹಾಡು ಬಹಳ ಚೆನ್ನಾಗಿತ್ತಂತೆ, ಆದರೆ ಅರ್ಧಕ್ಕೇ ಯಾರೋ ಅಟ್ಟಿಸಿಕೊಂಡು ಬಂದರಂತೆ. ಅಷ್ಟು ಒಳ್ಳೆಯ ಹಾಡನ್ನು ಮುಗಿಸಿಯೇ ಓಡಬಹುದಿತ್ತು ಎಂಬುದು ಅವಳ ದೂರು. ಇನ್ನೊಂದು ದೂರೂ ಇತ್ತು. ಅಷ್ಟು ದೊಡ್ಡ ಅರಮನೆಯಲ್ಲಿ ಒಬ್ಬರಾದರೂ ಆ ಹೊಸ ರಾಣಿಯನ್ನು ಊಟ ಆಯ್ತಾ ಎಂದು ಕೇಳಲಿಲ್ಲ.

ಆ ರಾಣಿ ಸತ್ತವಳ ನೀಲಿ ಮೇಲಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡು, ಇನ್ನು ಎಲ್ಲವೂ ನನ್ನದು ಎಂದು ಕುಣಿದು ಹಾಡುತ್ತಾಳಂತೆ. ಆ ಹಾಡಿನ ನಡುವೆ ರುದ್ರಾಣಿ ಪಕ್ಕಕ್ಕೆ ನೋಡಿದಳು. ಧನ್ಯಾ ಪರದೆ ನೋಡುತ್ತಿರಲಿಲ್ಲ, ಚಿಕ್ಕಿಯ ಮೈಮೇಲಿದ್ದ ಸೀರೆಯನ್ನು ನೋಡುತ್ತಿದ್ದಳು. ಕೊನೆಗೆ ಮೇಲಂಗಿ ಹಕ್ಕಿಗಳಾಗಿ ಹಾರಿಹೋಗಿ ರಾಣಿ ಮಂಜಿನಲ್ಲಿ ಕರಗಿದಾಗ ಟಾಕೀಸಿನ ಮಕ್ಕಳೆಲ್ಲ ಚಪ್ಪಾಳೆ ಹೊಡೆದವು. ಧನ್ಯಾ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು.

ವಾಪಸು ಬರುವ ಬಸ್ಸು ಆಲ್ದೂರು ದಾಟಿತು. ಧನ್ಯಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಚಿಕ್ಕಿ, ಅಮ್ಮನ ಸೀರೆ ನೀವು ಯಾಕೆ ಉಡ್ತೀರಿ?"

ನಮ್ಮಲ್ಲಿ ದೀಪಾವಳಿಗೆ ಹಿರಿಯರಿಗೆ ಎಡೆ ಇಡುತ್ತೇವೆ. ಮುತ್ತೈದೆಯಾಗಿ ಹೋದವಳಿಗೆ ಹೊಸ ಸೀರೆ, ಬಳೆ, ಹೂವು ಇಟ್ಟು, ಪೂಜೆಯಾದ ಮೇಲೆ ಆ ಸೀರೆಯನ್ನು ಅವಳ ಜಾಗಕ್ಕೆ ಬಂದವಳು ಪ್ರಸಾದವೆಂದು ಉಡುತ್ತಾಳೆ. ವರ್ಷವೂ ಮಗು ಕಂಡಿದ್ದು ಇಷ್ಟೇ: ಅಮ್ಮನ ಫೋಟೋದ ಮುಂದೆ ಸೀರೆ ಇರುತ್ತದೆ, ಸ್ವಲ್ಪ ಹೊತ್ತಿಗೆ ಅದು ಚಿಕ್ಕಿಯ ಮೈಮೇಲಿರುತ್ತದೆ. ಯಾಕೆಂದು ಯಾರೂ ಹೇಳಿರಲಿಲ್ಲ. ಹಬ್ಬದ ದಿನ ತಾಯಿಯ ಮಾತೆತ್ತಿದರೆ ಮಗು ಅತ್ತೀತು ಎಂದು ಮನೆಯವರೆಲ್ಲ ಬಾಯಿ ಕಟ್ಟಿಕೊಂಡಿದ್ದರು. ಸಿನಿಮಾಗೆ ರುದ್ರಾಣಿ ಉಟ್ಟುಹೋಗಿದ್ದು ಹಿಂದಿನ ವರ್ಷದ ಎಡೆಯ ಸೀರೆಯನ್ನೇ.

"ನಾನಾಗಿ ತಗೊಂಡಿದ್ದಲ್ಲ ಪುಟ್ಟಿ," ಎಂದಳು ರುದ್ರಾಣಿ. "ಅದು ನಿಮ್ಮಮ್ಮಂಗೆ ಅಂತಲೇ ತರೋದು. ಅವ್ರಿಗೆ ಕೊಟ್ಟು, ಆಮೇಲೆ ಅವ್ರನ್ನ ಕೇಳಿ ಉಡೋದು."

"ಹೆಂಗೆ ಕೇಳ್ತೀರಿ?"

"ಕೈ ಮುಗಿದು. ಅಕ್ಕ, ನಿಮ್ಮ ಮಗಳನ್ನ ನೋಡ್ಕೊಳ್ತಾ ಇದ್ದೀನಿ, ಇದನ್ನ ಉಟ್ಕೊಳ್ಳಲಾ ಅಂತ."

"ಅಮ್ಮ ಏನಂತಾರೆ?"

"ಇದುವರೆಗೂ ಬೇಡ ಅಂದಿಲ್ಲ."

ಧನ್ಯಾ ಕಿಟಕಿಯಿಂದ ಈ ಕಡೆ ತಿರುಗಿದಳಂತೆ. ಆಮೇಲೆ, ಅಮ್ಮನಿಗೆ ಯಾವ ಬಣ್ಣ ಇಷ್ಟವಿತ್ತು ಎಂದು ಕೇಳಿದಳು. ರುದ್ರಾಣಿ ಇಷ್ಟು ವರ್ಷ ಬಟ್ಟೆ ಅಂಗಡಿಯವನು ತೋರಿಸಿದ್ದರಲ್ಲಿ ಒಂದು ಸೀರೆಯನ್ನು ಅಂದಾಜಿನಲ್ಲಿ ತರುತ್ತಿದ್ದಳು. ಗೊತ್ತಿಲ್ಲ ಎಂದೇ ಹೇಳಿ, ಕೇಳಿ ತಿಳಿಸುತ್ತೇನೆ ಎಂದು ಮಾತು ಕೊಟ್ಟಳು. ಮನೆಗೆ ಬಂದು ಗಂಡನನ್ನು ಕೇಳಿದರೆ, ಎಲ್ಲ ಬಣ್ಣಾನೂ ಉಡ್ತಿದ್ಲಪ್ಪ, ಎಂದರಂತೆ.

ಇಷ್ಟು ಹೇಳಿ ರುದ್ರಾಣಿ ನನ್ನ ಮುಖ ನೋಡಿದಳು. "ಅವರ ರವಿಕೆ ನೀವೇ ಹೊಲೀತಿದ್ದಿದ್ದು ಅಲ್ವಾ ಅಕ್ಕ? ನೀವಾದ್ರೂ ಹೇಳಿ."

ಸಾಸಿವೆ ಹೂವಿನ ಹಳದಿ ಎಂದೆ. ಸೌಜನ್ಯ ಬೇರೆ ಬಣ್ಣದ ಬಟ್ಟೆ ತಂದಾಗಲೂ ತೋಳಿಗೆ ಹಳದಿ ಅಂಚು ಹಚ್ಚಿಸಿಕೊಳ್ಳುತ್ತಿದ್ದಳು. ಮಧ್ಯಾಹ್ನ ರುದ್ರಾಣಿ ಧನ್ಯಾಳನ್ನೂ ನನ್ನ ಅಂಗಡಿಗೆ ಕರೆತಂದಳು. ಸೌಜನ್ಯ ಹೇಗೆ ನಗುತ್ತಿದ್ದಳು, ಅಳತೆ ಕೊಡುವಾಗ ಹೇಗೆ ಕಚಗುಳಿಯಾಗಿ ಹಿಂದೆ ಸರಿಯುತ್ತಿದ್ದಳು ಎಂದೆಲ್ಲ ನೆನಪಾದಷ್ಟೂ ಹೇಳಿದೆ. ಮಗು ಅಳಲಿಲ್ಲ. ಆಮೇಲೆ, ಆಮೇಲೆ ಎಂದು ಕೇಳುತ್ತಲೇ ಇತ್ತು.

ಸೀರೆ ತರಲು ಇಬ್ಬರೂ ಒಟ್ಟಿಗೆ ಹೋದರು. ಹಳದಿ ತನಗೆ ಒಪ್ಪುವುದಿಲ್ಲ ಎಂದು ರುದ್ರಾಣಿಗೆ ಗೊತ್ತಿತ್ತು, ಹೇಳಲಿಲ್ಲ. ಆ ಸಿನಿಮಾ ಮಾಡಿದವರು ಯಾವ ದೇಶದವರೋ, ಅವರ ಮನೆಗಳೆಲ್ಲ ತಣ್ಣಗಿರಲಿ ಎಂದು ದಿನವೂ ಪೂಜೆಯಲ್ಲಿ ಬೇಡಿಕೊಳ್ಳುತ್ತೇನೆ ಎಂದಳು. ನಾವು ದೊಡ್ಡವರು ಬಾಯಿ ಕಟ್ಟಿಕೊಂಡಿದ್ದಾಗ ಮಗುವಿನ ಬಾಯಿ ಬಿಡಿಸಿದ್ದು ಆ ಸಿನಿಮಾ. ನಾನು, ಆ ರಾಣಿಯ ಮೇಲೆ ಸಿಟ್ಟು ಬರಲಿಲ್ಲವೇ ಎಂದೆ.

"ಇಲ್ಲಕ್ಕ. ಕೇಳಿ ಉಡಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ."

ಹಬ್ಬದ ಸಂಜೆ ರವಿಕೆ ಕೊಡಲು ಹೋದೆ. ಎಡೆಯ ಮುಂದೆ ರುದ್ರಾಣಿ ಕಣ್ಣು ಮುಚ್ಚಿ ನಿಂತಿದ್ದಳು. ಪಕ್ಕದಲ್ಲಿ ಧನ್ಯಾ. ರುದ್ರಾಣಿ ಮನಸ್ಸಿನಲ್ಲೇ ಕೇಳುತ್ತಿದ್ದಳೋ ಏನೋ, ಮಗು ಮಾತ್ರ ಎಲ್ಲರಿಗೂ ಕೇಳುವಂತೆ, "ಅಮ್ಮ, ಚಿಕ್ಕಿ ಉಟ್ಕೊಳ್ಳಲಿ," ಎಂದಿತು. ರೇಣುಕಪ್ರಸಾದರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಅಂಗಡಿಗೆ ಇಳಿದುಹೋದರು.

ಒಳಕೋಣೆಯಲ್ಲಿ ರುದ್ರಾಣಿ ಸೀರೆ ಉಡುವಾಗ ಧನ್ಯಾ ನೆಲದ ಮೇಲೆ ಮಂಡಿಯೂರಿ ಕೂತು, ಹೊಸ ಬಟ್ಟೆಯ ಗರಿಗರಿ ನೆರಿಗೆಗಳನ್ನು ಒಂದೊಂದಾಗಿ ಜೋಡಿಸಿ ಹಿಡಿದಿದ್ದಳು. ರುದ್ರಾಣಿ ಕಣ್ಣೊರೆಸಿಕೊಳ್ಳಲು ಸೆರಗು ಎಳೆದುಕೊಂಡಳು.

"ಅಲ್ಲಾಡಬೇಡಿ ಚಿಕ್ಕಿ, ನೆರಿಗೆ ತಪ್ಪುತ್ತೆ," ಎಂದು ಮಗು ಗದರಿತು.