ವಾರ್ನಿಷ್ ಬಳಿದ ಬಾತುಗಳು

ಮುನಿರಾಮಯ್ಯನವರು ಕೈಯಿಟ್ಟ ಮರ ಕನ್ನಡಿಯಾಗಲೇಬೇಕು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಎರಕದ ಅಚ್ಚಿಗೆ ಮರದ ಮಾದರಿ ಮಾಡುತ್ತಲೇ ತಲೆ ನರೆಸಿಕೊಂಡವರು. ಮಾದರಿ ಒರಟಾಗಿದ್ದರೆ ಅಚ್ಚಿನ ಮರಳು ಅಂಟಿಕೊಂಡು ಕಿತ್ತು ಬರುತ್ತದೆ. ಅದಕ್ಕೇ ಉಜ್ಜು, ವಾರ್ನಿಷ್ ಬಳಿ, ಮತ್ತೆ ಉಜ್ಜು. ಆ ಚಾಳಿ ನಿವೃತ್ತಿಯಾದರೂ ಬಿಡಲಿಲ್ಲ. ಸಹಕಾರನಗರದ ಅವರ ಮನೆಯಲ್ಲಿ ಲಟ್ಟಣಿಗೆಯೂ ಫಳಫಳ.

ಹೆಂಡತಿ ಅಂಜನಮ್ಮನವರ ತವರು ಯಲಹಂಕದ ಪಕ್ಕದ ಹಳ್ಳಿ. ಅಲ್ಲಿನ ಕೆರೆಯ ಹೂಳೆತ್ತಿ, ಏರಿಯ ಮೇಲೆ ವಾಕಿಂಗ್‌ಗೆ ದಾರಿ ಮಾಡಿದ್ದು ೨೦೧೩ರಲ್ಲಿ. ನೀರೇನೋ ತುಂಬಿತು, ಬಾತುಗಳು ಮಾತ್ರ ಬರಲಿಲ್ಲ. "ನಮ್ಮಪ್ಪ ಇದ್ದಾಗ ನೀರೇ ಕಾಣ್ತಿರ್ಲಿಲ್ಲ, ಅಷ್ಟೊಂದು ಬಾತು" ಎಂದು ಅಂಜನಮ್ಮ ಬಾತಿಲ್ಲದ ಕೆರೆ ನೋಡುತ್ತಾ ಕೂತರೆ ಗಂಡನಿಗೆ ನೋಡಲಾಗುತ್ತಿರಲಿಲ್ಲ. ಮರದ ಬಾತು ತೇಲಿಬಿಟ್ಟರೆ, ನಮ್ಮವರೇ ಇದ್ದಾರೆಂದುಕೊಂಡು ನಿಜವಾದವೂ ಇಳಿಯುತ್ತವೆ ಎಂದು ಅವರು ಎಲ್ಲೋ ಓದಿದ್ದರು. ಹೇಗಾದರೂ ಅವಳಿಗೆ ಬಾತು ತೋರಿಸಬೇಕು ಎಂದು ಹಟ ಹಿಡಿದರು.

ಬೂರುಗದ ಮರ ತಂದು ಕೆತ್ತಿದರು. ಮಗುಚದಂತೆ ಹೊಟ್ಟೆಯಡಿ ಸೀಸ, ಕೊಕ್ಕಿನ ತುದಿಗೆ ಹಳದಿ, ಬುಡಕ್ಕೆ ಕೆಂಪು ಚುಕ್ಕೆ. ಕೊನೆಗೆ, ಬಿಟ್ಟಾರೆಯೇ, ವಾರ್ನಿಷ್! ಮದುವಣಗಿತ್ತಿಯರಂತೆ ಮಿಂಚುತ್ತಿದ್ದ ಬಾತುಗಳನ್ನು ಹಗ್ಗ ಕಟ್ಟಿ ಕೆರೆಗೆ ಬಿಟ್ಟರು.

ಚಳಿ ಶುರುವಾದ ಮೇಲೆ ಒಂದು ಬೆಳಗ್ಗೆ ನಿಜವಾದ ಬಾತುಗಳ ಗುಂಪು ಬಂತು. ಇಳಿಯುವಷ್ಟರಲ್ಲಿ ವಾರ್ನಿಷ್ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕಿತು. ಗುಂಪು ಬೆದರಿ ಹೆಬ್ಬಾಳದ ಕಡೆಗೆ ಹಾರಿಹೋಯಿತು.

"ಬಾತು ಎಲ್ಲಾದ್ರೂ ಇಂಗೆ ಒಳೀತದೇನ್ರೀ? ಸ್ಟೀಲ್ ಪಾತ್ರೆ ತೇಲಿಬಿಟ್ಟಂಗೈತೆ!" ಎಂದರು ಅಂಜನಮ್ಮ.

"ನನ್ ಫಿನಿಶಿಂಗ್ ವಿಷಯಕ್ಕೆ ಬರ್ಬೇಡ ಕಣೇ."

ಮುಖ ಊದಿಸಿಕೊಂಡೇ ಹಗ್ಗ ಎಳೆದು ಬಾತುಗಳನ್ನು ಮನೆಗೆ ತಂದರು. ಮಾರನೇ ದಿನ ಬಚ್ಚಲಲ್ಲಿ ಕೂತು, ಪಾತ್ರೆ ತೊಳೆಯುವ ಬೂದಿ ಮತ್ತು ತೆಂಗಿನ ನಾರು ಕೇಳಿದರು. ಅಂಜನಮ್ಮನಿಗೆ ಪಾಪ ಅನ್ನಿಸಿತು.

"ಬ್ಯಾಡ ಬಿಡ್ರೀ, ಮುದ್ದಾಗವೆ. ಶೋಕೇಸ್‌ನಲ್ಲಿ ಇಟ್ಕಳಾಣ."

"ನಿಂಗೆ ಶೋಕೇಸ್ ಬೇಕಾ, ಬಾತು ಬೇಕಾ?"

ಜೀವಮಾನವಿಡೀ ನುಣುಪು ಮಾಡಿದ ಕೈ ಮೊದಲ ಬಾರಿಗೆ ಹೊಳಪು ಕೆಡಿಸಲು ಕೂತಿತು. ಬಣ್ಣ ಹೋಗದಂತೆ ಉಜ್ಜುವಾಗ ಅವರ ಕಣ್ಣು ತುಂಬಿತ್ತು.

ಮಂಕಾದ ಬಾತುಗಳು ಮತ್ತೆ ಕೆರೆಗಿಳಿದವು. ಸಂಕ್ರಾಂತಿಯ ಹೊತ್ತಿಗೆ ಒಂದು ಬೆಳಗ್ಗೆ ಏರಿ ಹತ್ತಿದ ಅಂಜನಮ್ಮ ಗಂಡನ ತೋಳು ಹಿಡಿದುಕೊಂಡರು. ಕೆರೆಯ ನಡುವೆ ದೊಡ್ಡ ಹಿಂಡೇ ಇಳಿದಿತ್ತು.

"ನಿಮ್ಮವ್ ಯಾವ್ರೀ?"

ಮುನಿರಾಮಯ್ಯ ಕನ್ನಡಕ ಒರೆಸಿಕೊಂಡು ನೋಡಿದರು, ಮತ್ತೆ ನೋಡಿದರು.

"ಗೊತ್ತಾಗ್ತಿಲ್ಲ ಕಣೇ" ಎಂದರು, ಖುಷಿ ತಡೆಯಲಾರದೆ.