ನಿರರ್ಗಳವಾಗಿ ಓದುತ್ತಾಳೆ

ನಮ್ಮ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಮೊಟ್ಟೆ ತಿಂದರೆ ಸಾಲದು, ತಿಂದದ್ದು ಮೇಲಿನವರಿಗೆ ಕಾಣಬೇಕು. ಮಧ್ಯಾಹ್ನ ಬಡಿಸಿದ ಕೂಡಲೇ ನಾನು ಫೋನ್ ಹಿಡಿದು, "ಯಾರೂ ಕಚ್ಚಬೇಡಿ, ಮೊಟ್ಟೆ ಮೇಲೆ ಎತ್ತಿ ಹಿಡಿಯಿರಿ" ಎನ್ನುತ್ತೇನೆ. ಹಸಿದ ಮಕ್ಕಳು ಮೊಟ್ಟೆ ಎತ್ತಿ ಹಿಡಿದು ನಗುತ್ತವೆ. ಫೋಟೋ ಆ್ಯಪಿಗೆ ಏರುವಷ್ಟರಲ್ಲಿ ಸಾಂಬಾರು ತಣ್ಣಗಾಗಿರುತ್ತದೆ. ಇಪ್ಪತ್ತೆರಡು ವರ್ಷಗಳ ಹಿಂದಿನ ನನ್ನ ಶಿಕ್ಷಕರ ತರಬೇತಿಯಲ್ಲಿ ಫೋಟೋ ತೆಗೆಯಲು ಕಲಿಸಿರಲಿಲ್ಲ. ದೊಡ್ಡ ಕೊರತೆ ಅದು. ಪಾಠ ಮಾಡುವುದನ್ನು ಸುಮ್ಮನೆ ಕಲಿಸಿಬಿಟ್ಟರು.

ಕಳೆದ ವರ್ಷ ನನ್ನ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ಅಮ್ಮ ಬೆಳಿಗ್ಗೆ ಬೇಗ ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಹೋಗಿ ಮೀನು ತಂದು ಬೀದಿ ಬೀದಿ ಮಾರುವವಳು. ಹುಡುಗಿ ಸಾಲಿನ ಕೆಳಗೆ ಬೆರಳಿಟ್ಟು ಪಾಠವನ್ನು ಗಟ್ಟಿಯಾಗಿ, ಒಂದೂ ತಪ್ಪಿಲ್ಲದೆ ಓದುತ್ತಿದ್ದಳು. ಒಂದು ದಿನ, ನಮ್ಮ ಫ್ಯಾನ್ ತಿರುಗುತ್ತಿದ್ದ ಅಪರೂಪದ ದಿನ, ಗಾಳಿಗೆ ಪುಸ್ತಕದ ಎರಡು ಹಾಳೆ ಮಗುಚಿಬಿತ್ತು. ಬೆರಳು ಹೊಸ ಪುಟದ ಮೇಲೆ ಸರಿಯುತ್ತಿತ್ತು, ಬಾಯಿ ಹಳೆಯ ಪುಟವನ್ನೇ ಓದುತ್ತಿತ್ತು. ಇಡೀ ಪಾಠ ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. ಅಕ್ಷರ ಗೊತ್ತಿರಲಿಲ್ಲ. ಅಂಥ ಜಾಣೆಯನ್ನು ಮೂರು ವರ್ಷ ನಾವ್ಯಾರೂ ಕಂಡುಹಿಡಿಯಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು.

ಊಟದ ನಂತರದ ಅರ್ಧ ಗಂಟೆ ಅವಳಿಗೆಂದು ಇಟ್ಟೆ. ಮೂರು ವಾರದಲ್ಲಿ ಅವಳು 'ಮರ', 'ಸರ', 'ಬಲೆ' ಓದಿದಳು. 'ಬಲೆ' ಓದಿದ ದಿನ ಇಬ್ಬರೂ ನಕ್ಕೆವು.

ಅಷ್ಟರಲ್ಲಿ ಮನೆ ಮನೆಗೆ ಹೋಗಿ ಮತದಾರರ ಪಟ್ಟಿ ಪರಿಷ್ಕರಿಸುವ ಕೆಲಸ ಬಂತು. ಕೊಡಿಯಾಲ್‌ಬೈಲಿನ ಫ್ಲ್ಯಾಟುಗಳ ಮೆಟ್ಟಿಲು ಹತ್ತಿ ಇಳಿದೆ. ಒಬ್ಬ ವಾಚ್‌ಮನ್ ನನ್ನ ಚೀಲ ನೋಡಿ, "ಎಂತ ಮಾರ್ಲಿಕ್ಕೆ ಬಂದದ್ದು ಮೇಡಂ?" ಎಂದ. ಅದು ಮುಗಿದ ಮೇಲೆ ಪಂಪ್‌ವೆಲ್ ಹತ್ತಿರದ ಸಭಾಂಗಣದಲ್ಲಿ ಐದು ದಿನ ತರಬೇತಿ. ವಿಷಯ: ಶಿಕ್ಷಕರು ತರಗತಿ ಬಿಟ್ಟು ಹೋಗದಿರುವುದರ ಮಹತ್ವ. ವಾಪಸು ಬಂದಾಗ ಮೊಟ್ಟೆಯ ಜೊತೆ ಶೂ ಫೋಟೋ, ಗಿಡದ ಫೋಟೋ, ಕೈ ತೊಳೆಯುವ ಫೋಟೋ ಕಾದಿದ್ದವು. ಹುಡುಗಿ ದಿನಾ ಊಟ ಮುಗಿಸಿ ಸ್ಲೇಟು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು ಫೋನಿನಿಂದ ತಲೆಯೆತ್ತದೆ "ನಾಳೆ" ಎನ್ನುತ್ತಿದ್ದೆ.

ವರ್ಷದ ಕೊನೆಗೆ, ಪ್ರತಿ ಮಗುವಿಗೆ ಓದು ಬರುತ್ತದೆಯೇ ಎಂದು ಆ್ಯಪಿನಲ್ಲಿ ತುಂಬಬೇಕಿತ್ತು. ಅವಳ ಹೆಸರಿನೆದುರು 'ಓದಲು ಬರುವುದಿಲ್ಲ' ಒತ್ತಿದೆ. ಕಾರಣ ಕೇಳಿತು: ಗೈರುಹಾಜರಿ, ಅನಾರೋಗ್ಯ, ಪೋಷಕರ ನಿರ್ಲಕ್ಷ್ಯ. 'ಟೀಚರನ್ನು ನಾವೇ ಬೇರೆ ಕೆಲಸಕ್ಕೆ ಕಳಿಸಿದ್ದೆವು' ಎಂಬ ಆಯ್ಕೆ ಎಲ್ಲೂ ಇರಲಿಲ್ಲ. ಮತ್ತೆ ಪರಿಹಾರ ಬೋಧನೆಯ ಐದು ಫೋಟೋ ಕೇಳಿತು. ಕಲಿಸುವಾಗ ಫೋಟೋ ತೆಗೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಹೆಡ್‌ಮಾಸ್ಟರು ಬೆವರುತ್ತಾ ಬಂದರು. "ಟೀಚರೇ, ಒಂದು ಮಗುವಿನಿಂದಾಗಿ ಇಡೀ ಶಾಲೆ ಕೆಂಪು ಕಾಣ್ತಾ ಉಂಟು ಮಾರಾಯ್ರೆ. ನನಗೆ ಫೋನಿನ ಮೇಲೆ ಫೋನು."

ನಾನು 'ನಿರರ್ಗಳವಾಗಿ ಓದುತ್ತಾಳೆ' ಎಂಬುದನ್ನು ಒತ್ತಿದೆ. ತಕ್ಷಣ ಹಸಿರು ಬಂತು. ವರ್ಷವಿಡೀ ನನ್ನಿಂದ ಆಗದ್ದು ಒಂದೇ ಬೆರಳಿನಿಂದ ಆಯಿತು. ಶಾಲೆಗೆ ಒಂದು ಪ್ರಶಂಸಾಪತ್ರವೂ ಬಂತು. ಅದರ ಫೋಟೋ ಕೂಡ ಕಳಿಸಿದೆವು.

ಪ್ರಗತಿ ಪತ್ರದಲ್ಲೂ 'ನಿರರ್ಗಳವಾಗಿ ಓದುತ್ತಾಳೆ' ಎಂದೇ ಬರೆದೆ. ಅದನ್ನು ಕೊಟ್ಟ ಮಾರನೇ ದಿನ ಹುಡುಗಿಯ ಅಮ್ಮ ಮೀನಿನ ಬುಟ್ಟಿಯನ್ನು ಗೇಟಿನ ಹೊರಗಿಟ್ಟು, ಮಗಳ ಕೈ ಹಿಡಿದು ಎಳೆದುಕೊಂಡು ಬಂದಳು. ಹುಡುಗಿಯ ಕೆನ್ನೆ ಊದಿತ್ತು.

"ಇವಳ ಸೊಕ್ಕು ನೋಡಿ ಟೀಚರೇ. ವಾರ್ಡಿನವರು ಮನೆಗೆ ಒಂದು ಕಾಗದ ಕೊಟ್ಟು ಹೋಗಿದ್ದಾರೆ. ಓದು ಅಂದ್ರೆ ಬರುದಿಲ್ಲ ಅಂತಾಳೆ. ಈ ಪ್ರಗತಿ ಪತ್ರದಲ್ಲಿ ಚಂದ ಓದ್ತಾಳೆ ಅಂತ ನೀವೇ ಬರೆದಿದ್ದೀರಲ್ಲ, ಪಕ್ಕದ ಮನೆಯವರು ಓದಿ ಹೇಳಿದ್ರು. ಅಮ್ಮನಿಗೆ ಅಕ್ಷರ ಗೊತ್ತಿಲ್ಲ ಅಂತ ನನ್ನನ್ನೇ ತಮಾಷೆ ಮಾಡುದಾ? ಎರಡು ಕೊಟ್ಟೆ."

ಆಫೀಸಿನ ಬಾಗಿಲಲ್ಲಿ ನಿಂತ ಹೆಡ್‌ಮಾಸ್ಟರು, ಏನಾದರೂ ಹೇಳಿ ಕಳಿಸಿ ಎಂದು ಕೈಸನ್ನೆ ಮಾಡಿದರು. 'ಪ್ರಗತಿ ಇದೆ', 'ಗಮನ ಕೊಡಬೇಕು' ಮುಂತಾದ ಮಾತುಗಳು ನನ್ನಲ್ಲಿ ಸದಾ ತಯಾರು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಪೆಟ್ಟು ತಿನ್ನುವಾಗಲೂ ಟೀಚರ್ ಬರೆದದ್ದು ಸುಳ್ಳು ಎಂದು ಅವಳು ಹೇಳಿರಲಿಲ್ಲ.

"ಅವಳು ತಮಾಷೆ ಮಾಡಿದ್ದಲ್ಲ ಅಕ್ಕಾ," ಎಂದೆ. "ಅವಳಿಗೆ ಓದಲಿಕ್ಕೆ ಬರುದಿಲ್ಲ. ಸುಳ್ಳು ಬರೆದದ್ದು ನಾನು."

ಅಮ್ಮ ಪ್ರಗತಿ ಪತ್ರವನ್ನು ನೋಡಿದಳು, ಮಗಳ ಕೆನ್ನೆಯನ್ನು ನೋಡಿದಳು. "ಯಾಕೆ ಹಾಗೆ ಬರೆದದ್ದು?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಅಮ್ಮನ ಸೆರಗು ಎಳೆದು, ನನ್ನನ್ನು ಹೇಗಾದರೂ ಉಳಿಸಬೇಕೆಂಬಂತೆ, ತುಳುವಿನಲ್ಲಿ ಮೆಲ್ಲಗೆ ಹೇಳಿದಳು: ಟೀಚರಿಗೆ ಪುರುಸೊತ್ತೇ ಇರಲಿಲ್ಲ, ಅಮ್ಮಾ.