ಎಸಳು ಬಲಕ್ಕೆ ಬೀಳುವ ತನಕ

ಯುದ್ಧದ ಕಾಲದಲ್ಲಿ ಎಲ್ಲಕ್ಕೂ ರೇಷನ್ ಬಂದು ವರ ಹುಡುಕುವ ರೀತಿಯೇ ಬದಲಾಗಿತ್ತು. ಹುಡುಗನ ಗುಣ, ರೂಪ, ಮನೆತನ ಎಲ್ಲ ಆಮೇಲೆ. ಅವನ ಮನೆಯಲ್ಲಿ ಸಕ್ಕರೆ ಸಿಗುತ್ತದೋ ಇಲ್ಲವೋ ಎಂಬುದು ಮೊದಲು. ನಮ್ಮ ಅಪ್ಪ ನನಗಾಗಿ ಕಂಡುಹಿಡಿದವನು ಕುಮಟೆಯಲ್ಲಿ ರೇಷನ್ ಅಂಗಡಿ ಇಟ್ಟವನು. ಮೊದಲ ಹೆಂಡತಿ ತೀರಿಕೊಂಡು ವರ್ಷವೂ ಆಗಿರಲಿಲ್ಲ, ದೊಡ್ಡ ಮಗ ನನಗಿಂತ ಎತ್ತರವಾಗಿದ್ದ. "ಸೀಮೆಎಣ್ಣೆಗೆ, ಸಕ್ಕರೆಗೆ ತತ್ವಾರ ಇಲ್ಲದ ಮನೆ" ಎಂದು ಅಪ್ಪ ಭಟ್ಕಳದ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದರು. ನನಗೆ ಹದಿನೇಳು. ನನ್ನನ್ನು ಯಾರೂ ಕೇಳಲಿಲ್ಲ. ಹುಡುಗಿಯನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಕೇಳುವುದಿದ್ದರೆ ದೇವರನ್ನು ಕೇಳುತ್ತಿದ್ದರು.

ಹಾಗೆ ಕೇಳಲಿಕ್ಕೆಂದೇ ಒಂದು ಬೆಳಿಗ್ಗೆ ಅಪ್ಪ ನನ್ನನ್ನು ಕರೆದುಕೊಂಡು ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು ಹತ್ತಿ ಹೊನ್ನಾವರದ ಕಡೆ ಹೊರಟರು. ಏರು ಬಂದಾಗಲೆಲ್ಲ ಗಂಡಸರು ಇಳಿದು ನೂಕುತ್ತಿದ್ದರು. ಬಸ್ಸು ಹಿಂದಕ್ಕೇ ಜಾರಲಪ್ಪ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅಪ್ಪ ನಂಬಿದ ದೇವಸ್ಥಾನ ಹೊನ್ನಾವರದ ಹೊಳೆಯ ಈಚೆ ದಂಡೆಯಲ್ಲಿತ್ತು. ಅಲ್ಲಿ ಭಟ್ಟರು ಒದ್ದೆ ಹೂವಿನ ಎಸಳನ್ನು ದೇವರ ಮೈಗೆ ಅಂಟಿಸಿ ಪ್ರಸಾದ ಕೇಳುತ್ತಿದ್ದರು. ಎಸಳು ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ.

ಮೊದಲ ಎಸಳು ಎಡಕ್ಕೆ ಬಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಪ್ಪ ಮಾತ್ರ ಕೆಮ್ಮಿ, "ಗಾಳಿ ಬಂತು ಭಟ್ರೇ, ಮತ್ತೊಂದು ಸಲ ಕೇಳಿ" ಎಂದರು. ಕಿಟಕಿಯೇ ಇಲ್ಲದ ಗರ್ಭಗುಡಿಯಲ್ಲಿ ಎಲ್ಲಿಯ ಗಾಳಿ! ಮತ್ತೆಯೂ ಎಡ. ಈ ಸಲ ಅಪ್ಪ ತಪ್ಪನ್ನು ದೀಪದ ಬಿಸಿಯ ಮೇಲೆ ಹಾಕಿದರು. ಭಟ್ಟರಿಗೆ ಬೇಸರ ಬಂದು, ಮಧ್ಯಾಹ್ನದ ಪೂಜೆ ಮುಗಿಯಲಿ, ಆಮೇಲೆ ನೋಡುವಾ ಎಂದರು. "ಆತು. ಇಲ್ಲಿ ಆಗದಿದ್ರೆ ಇಡಗುಂಜಿ ದೇವ್ರ ಹತ್ರ ಹೋಗಿ ಕೇಳೂದು" ಎಂದರು ಅಪ್ಪ.

ನಾನು ಹೊರಗೆ ಜಗುಲಿಯ ಮೇಲೆ ಕೂತು ಅತ್ತೆ. ಪಕ್ಕದಲ್ಲಿ ಗುರುತಿಲ್ಲದ ಅಜ್ಜಿಯೊಬ್ಬಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹೊಳೆಯ ನಡುವಿನ ಮಾವಿನಕುರ್ವೆಯವಳಂತೆ, ದೋಣಿಯಲ್ಲಿ ಬಂದವಳು. ಒಳಗೆ ನಡೆದದ್ದನ್ನೆಲ್ಲ ಆಟ ನೋಡುವಂತೆ ನೋಡಿದ್ದಳು.

"ತಂಗೀ, ನಿನ್ನ ಅಪ್ಪಂಗೆ ಕೋರ್ಟಿನ ಚಟ ಉಂಟಾ?" ಎಂದಳು.

"ಇಲ್ಲ. ಎಂತಕ್ಕೆ?"

"ಹೊನ್ನಾವರದಲ್ಲಿ ಸೋತವ್ರು ಕಾರವಾರಕ್ಕೆ ಹೋಗ್ತಾರೆ, ಅಲ್ಲೂ ಸೋತ್ರೆ ಬೊಂಬಾಯಿಗೆ. ನಿನ್ನ ಅಪ್ಪ ದೇವ್ರ ಮೇಲೇ ಅಪೀಲು ಹಾಕ್ತಾ ಇದ್ದ. ಗೆಲ್ಲೂ ತನಕ ಬಿಡೂದಿಲ್ಲ ನೋಡು."

ಅಳುವಿನ ನಡುವೆಯೇ ನಗು ಬಂತು. "ಎಡಕ್ಕೇ ಬೀಳ್ಲಿ ಅಂತ ನಾನೂ ಹರಕೆ ಹೊತ್ಕಂಡಿದ್ದೆ ಅಜ್ಜೀ" ಎಂದೆ.

"ಪಾಪ ದೇವ್ರು! ಅಪ್ಪ ಒಂದು ಕಿವಿಗೆ, ಮಗಳು ಇನ್ನೊಂದು ಕಿವಿಗೆ. ಬೇಡ ಅಂತ ಅಪ್ಪನ ಹತ್ರ ಹೇಳಿದ್ಯಾ?"

"ಅಯ್ಯೋ, ಹ್ಯಾಂಗೆ ಹೇಳೂದು?"

"ಬಾಯಲ್ಲಿ!" ಅಜ್ಜಿ ರೇಗಿದಳು. "ನಾನೂ ನಿನ್ನ ಹಾಂಗೇ ಕೂತಿದ್ದೆ. ಹೂವು ಬಲಕ್ಕೆ ಬಿತ್ತು, ಬಾಯಿ ಮುಚ್ಕಂಡು ಹೋದೆ. ಕುಡುಕ ಅವ. ಇಷ್ಟು ವರ್ಷ ಹೊಡೆತ ತಿಂದದ್ದು ನಾನು. ಹೂವು ಬಂತಾ ನನ್ನ ಸಂಗಡ ಬಾಳೂಕೆ?"

ನನ್ನ ನಗು ನಿಂತಿತು. ಅಜ್ಜಿ ಎಲೆಯನ್ನು ಬಾಯಿಗೆ ಹಾಕಿಕೊಂಡು ಮುಖ ಆಚೆ ತಿರುಗಿಸಿದಳು.

ಪೂಜೆ ಮುಗಿಯಿತು. ಭಟ್ಟರು ಹೊಸ ಎಸಳು ಹಿಡಿದು, "ಈ ಸಲ ಎಂತ ಅಂತ ಕೇಳೂದು?" ಎಂದರು. ಅಪ್ಪ ಬಾಯಿ ತೆರೆಯುವುದರೊಳಗೆ ನಾನು ಮುಂದೆ ಹೋದೆ.

"ನಂಗೆ ಈ ಮದುವೆ ಬೇಡ ಭಟ್ರೇ. ಅದಕ್ಕೆ ಅಪ್ಪ ಒಪ್ತಾರಾ ಇಲ್ವಾ, ದೇವ್ರ ಹತ್ರ ಅದನ್ನ ಕೇಳಿ."

ಗಂಟೆ ಬಾರಿಸಲು ಎತ್ತಿದ ಕೈಗಳೂ ಹಾಗೇ ನಿಂತವು. ಭಟ್ಟರು ಎಸಳನ್ನು ತಟ್ಟೆಯಲ್ಲಿಟ್ಟರು.

"ಅದನ್ನ ದೇವ್ರಿಗೆ ಎಂತಕ್ಕೆ ಕೇಳೂದು? ನಿನ್ನ ಅಪ್ಪ ಇಲ್ಲೇ ನಿಂತಿದ್ದಾರಲ್ಲ" ಎಂದು ಅಪ್ಪನ ಕಡೆ ತಿರುಗಿದರು.

ಇದ್ದವರೆಲ್ಲ ಅಪ್ಪನ ಕಡೆ ತಿರುಗಿದರು. ಅಪ್ಪನ ಮುಖ ಕೆಂಪೇರಿತು. ಈಗ ಹೊಡೆಯುತ್ತಾರೆ ಅಂದುಕೊಂಡೆ. ಅವರು ಹತ್ತಿರ ಬಂದು ನನ್ನ ಮುಖ ನೋಡಿದರು.

"ನಿಂಗೆ ಬೇಡ್ವಾ?" ಎಂದರು, ಮನೆಯಲ್ಲಿ ಇಂಥದೊಂದು ಹುಡುಗಿ ಇರುವುದು ಆಗಷ್ಟೇ ಗೊತ್ತಾದವರಂತೆ.

"ಬೇಡ."

"ಬೇಡ ಅಂದ್ರೆ ಬಿಡು. ಮೊದ್ಲೇ ಹೇಳೂಕೆ ನಿಂಗೆ ಎಂತ ಆಗಿತ್ತು?"

ಮೊದಲೇ ಕೇಳಲು ನಿಮಗೆ ಏನಾಗಿತ್ತು ಎಂಬುದು ನಾಲಿಗೆಯ ತುದಿಗೆ ಬಂತು. ಒಂದು ದಿನಕ್ಕೆ ಇಷ್ಟು ಸಾಕು ಎಂದು ನುಂಗಿಕೊಂಡೆ.